ಪೋರ್ಟ್ರೇಟ್‌ಗೆ 50 ಎಂಎಂ ಲೆನ್ಸ್ ಸಾಕಾ, 85 ಬೇಕಾ? ಹಳ್ಳಿ ಮನೆ ಜಗಲಿಯಲ್ಲಿ ಹಿರಿಯರ ಫೋಟೊ ತೆಗೆಯೋಕೆ

ಕಬ್ಬಿನಗದ್ದೆ

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ರ ಹಳ್ಳಿ ನಮ್ದು, ಕೆಲಸ ಮೈಸೂರಲ್ಲಿ. ಕ್ಯಾನನ್ 1500ಡಿ ಐತೆ, ಅದರ ಜೊತೆ ಬಂದ 18-55 ಮತ್ತು 55-250 ಎಂಎಂ ಜೂಮ್ ಲೆನ್ಸ್ ಅವೆ. ನಮ್ಮಜ್ಜಿ ಓರಗೆಯೋರು ಊರಲ್ಲಿ ಈಗ ಕೆಲವೇ ಜನ ಉಳ್ಕೊಂಡವ್ರೆ. ಆಧಾರ್ ಕಾರ್ಡಿನ ಫೋಟೊ ಬಿಟ್ರೆ ಅವರಲ್ಲಿ ಎಷ್ಟೋ ಜನದ್ದು ಒಂದು ನೆಟ್ಟಗಿನ ಫೋಟೊ ಇಲ್ಲ. ತೀರಿಕೊಂಡ ಮೇಲೆ ಯಾವುದೋ ಮದುವೆ ಗ್ರೂಪ್ ಫೋಟೊದಿಂದ ಮುಖ ಕತ್ತರಿಸಿ ದೊಡ್ಡದು ಮಾಡಿಸ್ತಾರೆ, ಗುರುತೇ ಸಿಗಲ್ಲ. ಒಬ್ಬೊಬ್ಬರನ್ನೂ ಅವರವರ ಜಗಲಿ ಮೇಲೇ ಕೂರಿಸಿ, ಗೋಡೆಗೆ ಹಾಕೋ ಹಂಗೆ ಒಂದೊಂದು ಫೋಟೊ ತೆಗೆದು, ಪ್ರಿಂಟ್ ಹಾಕ್ಸಿ ಕೊಡಬೇಕು ಅಂತ ಆಸೆ.

18-55ರಲ್ಲಿ ತೆಗೆದು ನೋಡಿದೆ. 55ಕ್ಕೆ ತಿರುಗಿಸಿದ್ರೆ ಎಫ್ 5.6ಕ್ಕಿಂತ ಕೆಳಗೆ ಇಳಿಯಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ತೂತು ದೊಡ್ಡದು, ಬೆಳಕು ಜಾಸ್ತಿ). ಜಗಲಿ ನೆರಳಲ್ಲಿ ಐಎಸ್ಒ, ಅಂದ್ರೆ ಕ್ಯಾಮರಾ ಬೆಳಕಿಗೆ ಸ್ಪಂದಿಸೋ ಮಟ್ಟ, ಏರಿಸ್ಲೇಬೇಕು. ಹಿಂದೆ ಇರೋ ನೀರಿನ ಡ್ರಮ್ಮು, ಚಪ್ಪಲಿ, ಬೈಕು ಎಲ್ಲಾ ಎದ್ದು ಕಾಣ್ತವೆ. ಮೈಸೂರಲ್ಲಿ ಅಂಗಡಿ ವಿಚಾರಿಸಿದೆ: ಹೊಸ 50 ಎಂಎಂ ಎಫ್ 1.8 ಎಸ್‌ಟಿಎಂ ಐತೆ, ಸೆಕೆಂಡ್ ಹ್ಯಾಂಡ್ 85 ಎಂಎಂ ಎಫ್ 1.8 ಒಂದೈತೆ. ಕೈಲಿರೋ ದುಡ್ಡಲ್ಲಿ ಎರಡರಲ್ಲಿ ಒಂದು ಮಾತ್ರ ಆಗೋದು. ಪೋರ್ಟ್ರೇಟ್ ಅಂದ್ರೆ 85 ಅಂತಾರೆ ಎಲ್ಲರೂ. ಏನ್ ಮಾಡ್ಲಿ?

ದಸರಾ ಫ್ರೇಮ್ಸ್

ಯೋಚನೆ ಮಾಡೋದೇ ಬೇಡ, 85 ತಗೊಳ್ಳಿ. ನಾನು ಮದುವೆ ಫೋಟೊಗ್ರಾಫರ್, ನನ್ನ ಅರ್ಧ ಆಲ್ಬಂ ಅದರಲ್ಲೇ ತುಂಬುತ್ತೆ. ಕ್ಯಾನನ್ನಿನ ಈ 85 1992ರ ಲೆನ್ಸು, ಇವತ್ತಿಗೂ ಫೋಕಸ್ ಚುರುಕು. ಮುಖ ಒತ್ತಾಗಿ, ಗುಂಡಾಗಿ ಬರುತ್ತೆ, ಹಿನ್ನೆಲೆ ಬೆಣ್ಣೆ. 50ರಲ್ಲಿ ಆ ಕಂಪ್ರೆಷನ್, ಅಂದ್ರೆ ಮುಖದ ಹಿಂದು-ಮುಂದು ಒತ್ತಿದ ಹಾಗೆ ಕಾಣೋದು, ಬರಲ್ಲ.

ಹಳೇ ಸ್ಟುಡಿಯೋ

ತಮ್ಮಾ ಕಬ್ಬಿನಗದ್ದೆ, ಅಂಗಡಿಗೆ ಹೋಗೋ ಮುಂಚೆ ಟೇಪ್ ತಗೊಂಡು ಜಗಲಿ ಅಳತೆ ಮಾಡು.

85 ಪೋರ್ಟ್ರೇಟ್ ಲೆನ್ಸು ಅನ್ನೋ ಮಾತು ಹುಟ್ಟಿದ್ದು 35 ಎಂಎಂ ಫಿಲ್ಮಿನ ಕಾಲದಲ್ಲಿ, ಅಂದ್ರೆ ಈಗಿನ ಫುಲ್ ಫ್ರೇಮ್ ಅಳತೆಯಲ್ಲಿ. ನಿನ್ನ 1500ಡಿ ಕ್ರಾಪ್ ಸೆನ್ಸರ್ ಕ್ಯಾಮರಾ, ಅಂದ್ರೆ ಸೆನ್ಸರ್ ಅದಕ್ಕಿಂತ ಚಿಕ್ಕದು, ಕ್ಯಾನನ್ ಲೆಕ್ಕದಲ್ಲಿ 1.6 ಪಟ್ಟು. ಅದರಲ್ಲಿ 85 ಹಾಕಿದ್ರೆ ಕಾಣೋ ನೋಟ 136ರದ್ದು. 50 ಹಾಕಿದ್ರೆ 80ರದ್ದು. ಹಳಬರು 85ರಲ್ಲಿ ಏನು ಹುಡುಕ್ತಿದ್ರೋ ಅದು ನಿನ್ನ ಕ್ಯಾಮರಾದಲ್ಲಿ 50ರಲ್ಲೇ ಸಿಗುತ್ತೆ.

ದೂರದ ಲೆಕ್ಕ ಹೇಳ್ತೀನಿ, ಬರ್ಕೊ. ಕ್ಯಾಮರಾ ಉದ್ದಕ್ಕೆ ನಿಲ್ಲಿಸಿ ಹಿಡಿದು ತೆಗೆಯೋದು ಅಂತ ಇಟ್ಕೊಂಡಿದ್ದೀನಿ. ತಲೆ-ಭುಜ ಮಾತ್ರ ಬೇಕು ಅಂದ್ರೆ, ಸುಮಾರು 60 ಸೆಂ.ಮೀ. ಎತ್ತರದ ಫ್ರೇಮು, 50ಕ್ಕೆ 1.35 ಮೀಟರ್ ದೂರ ಬೇಕು, 85ಕ್ಕೆ 2.3 ಮೀಟರ್. ಸೊಂಟದವರೆಗೆ, ಒಂದು ಮೀಟರಿನ ಫ್ರೇಮಿಗೆ, 50ಕ್ಕೆ ಎರಡೂಕಾಲು, 85ಕ್ಕೆ 3.8. ನಿಂತ ಆಳು ಪೂರ್ತಿ ಬರಬೇಕಾದ್ರೆ 50ಕ್ಕೆ 4.7 ಮೀಟರ್, 85ಕ್ಕೆ ಎಂಟು. ನಿನ್ನ ಬೆನ್ನಿಗೂ ಒಂದಡಿ ಜಾಗ ಸೇರಿಸ್ಕೊ. ನಮ್ಮ ಕಡೆ ಹಳ್ಳಿ ಬೀದಿ ಎಂಟು ಮೀಟರ್ ಅಗಲ ಎಲ್ಲಿರುತ್ತೆ? ಎದುರು ಮನೆಯೋರ ಜಗಲಿ ಹತ್ತಬೇಕಾಗುತ್ತೆ.

ಬೆಳಕಿನ ಮೇಷ್ಟ್ರು

ದಸರಾ ಫ್ರೇಮ್ಸ್ ಅವರ ಅನುಭವದ ಬಗ್ಗೆ ಗೌರವ ಇದೆ, ಆದರೆ ‘ಕಂಪ್ರೆಷನ್’ ವಿಷಯ ಒಮ್ಮೆ ಬಿಡಿಸಿ ಹೇಳಬೇಕು. ಹೊಸಬರು ಇಲ್ಲೇ ದಾರಿ ತಪ್ಪೋದು. ಮುಖದ ಆಕಾರ ಬದಲಾಯಿಸುವುದು ಲೆನ್ಸ್ ಅಲ್ಲ, ನಾವು ನಿಂತ ದೂರ.

ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂ.ಮೀ. ಹಿಂದೆ ಇರುತ್ತೆ ಅಂದುಕೊಳ್ಳಿ. ಮೂಗಿನಿಂದ 30 ಸೆಂ.ಮೀ. ದೂರದಲ್ಲಿ ಫೋನ್ ಹಿಡಿದರೆ ಕಿವಿ 42 ಸೆಂ.ಮೀ.ನಲ್ಲಿದೆ; ಕಿವಿಗೆ ಹೋಲಿಸಿದರೆ ಮೂಗು 1.4 ಪಟ್ಟು ಹಿಗ್ಗುತ್ತೆ. ಸೆಲ್ಫಿಯಲ್ಲಿ ಮೂಗು ದಪ್ಪ ಕಾಣೋದು ಇದಕ್ಕೇ. ಒಂದೂವರೆ ಮೀಟರಿಗೆ ಹಿಂದೆ ಸರಿದರೆ ಆ ಅನುಪಾತ 1.08ಕ್ಕೆ ಇಳಿಯುತ್ತೆ. ಮೂರು ಮೀಟರಿನಲ್ಲಿ 1.04. ಅಂದರೆ ದೊಡ್ಡ ಬದಲಾವಣೆಯೆಲ್ಲ ಮೊದಲ ಒಂದೂವರೆ ಮೀಟರಿನೊಳಗೇ ಮುಗಿದುಹೋಗುತ್ತೆ, ಆಮೇಲೆ ಸಿಗೋದು ಚೂರುಪಾರು.

ಒಂದೇ ಜಾಗದಲ್ಲಿ ನಿಂತು 50ರಲ್ಲೂ 85ರಲ್ಲೂ ತೆಗೆದು, 50ರ ಚಿತ್ರವನ್ನು ಕತ್ತರಿಸಿ 85ರ ಅಳತೆಗೆ ತನ್ನಿ. ಮುಖ ಒಂದರ ಮೇಲೊಂದು ಕೂರುತ್ತೆ. ಉದ್ದದ ಲೆನ್ಸ್ ಮಾಡೋದಿಷ್ಟೆ: ಅದೇ ಫ್ರೇಮ್ ಬೇಕಾದರೆ ನಿಮ್ಮನ್ನು ಹಿಂದಕ್ಕೆ ಕಳಿಸುತ್ತೆ. ಹಾಗಾಗಿ ಲೆನ್ಸ್ ಆರಿಸೋದು ಅಂದ್ರೆ, ಕೂತಿರುವ ಮನುಷ್ಯನಿಂದ ನೀವು ಎಷ್ಟು ದೂರ ಇರಬೇಕು ಅಂತ ಆರಿಸೋದು. ಅಜ್ಜಿಯರ ವಿಷಯದಲ್ಲಿ ಇದು ಬರೀ ಜ್ಯಾಮಿತಿಯಲ್ಲ. ಕಿವಿ ಮಂದ ಇರುತ್ತೆ. ಎರಡು ಮೀಟರಿನಲ್ಲಿ ಕೂತು ಮಾತಾಡಿಸಬಹುದು, ನಾಲ್ಕು ಮೀಟರಿನಿಂದ ಕೂಗಬೇಕು.

ದಸರಾ ಫ್ರೇಮ್ಸ್

ಮೇಷ್ಟ್ರು ಹೇಳಿದ್ದು ಸರಿ, ದೂರವೇ ಮುಖ್ಯ. ಆದರೆ ನಾನು 85 ಅಂದಿದ್ದು ಹಿನ್ನೆಲೆಗೋಸ್ಕರ ಕೂಡ. ಕಲ್ಯಾಣಮಂಟಪದಲ್ಲಿ ಹಿಂದೆ ನೂರು ಕುರ್ಚಿ, ಅಡುಗೆಯೋರು, ಫ್ಲೆಕ್ಸು. 85 ಇದ್ದಲ್ಲಿ ಅದೆಲ್ಲ ಕರಗಿಹೋಗುತ್ತೆ. ಒಂದೇ ಫ್ರೇಮಿಗೆ 50 ಅಷ್ಟು ಕರಗಿಸಲ್ಲ, ಇದನ್ನ ಒಪ್ಕೋಬೇಕು.

ಬೆಳಕಿನ ಮೇಷ್ಟ್ರು

ಪೂರ್ತಿ ಒಪ್ಪುತ್ತೇನೆ. ಒಂದೇ ಫ್ರೇಮ್, ಒಂದೇ ಎಫ್ ಸಂಖ್ಯೆ ಇದ್ದರೆ ಮುಖದ ಮೇಲೆ ಫೋಕಸ್‌ನಲ್ಲಿರುವ ಆಳ ಎರಡೂ ಲೆನ್ಸಿನಲ್ಲಿ ಹೆಚ್ಚುಕಡಿಮೆ ಒಂದೇ. ಆದರೆ ದೂರದ ಹಿನ್ನೆಲೆ ಎಷ್ಟು ಮಸುಕಾಗುತ್ತೆ ಅನ್ನೋದು ಅಪರ್ಚರ್ ತೂತಿನ ನಿಜವಾದ ಅಗಲದ ಮೇಲೆ ನಿಂತಿದೆ. ಫೋಕಲ್ ಲೆಂಗ್ತನ್ನು (ಲೆನ್ಸಿನ ಎಂಎಂ ಸಂಖ್ಯೆ) ಎಫ್ ಸಂಖ್ಯೆಯಿಂದ ಭಾಗಿಸಿ. 50 ಭಾಗಿಸು 1.8 ಅಂದರೆ 28 ಎಂಎಂ. 85 ಭಾಗಿಸು 1.8 ಅಂದರೆ 47. ಅವರ ಕೈಲಿರುವ 18-55 ಕಿಟ್ ಲೆನ್ಸ್ 55ರಲ್ಲಿ ಬರೀ 10. ಡ್ರಮ್ಮು, ಚಪ್ಪಲಿ ಎದ್ದು ಕಂಡಿದ್ದು ಯಾಕೆ ಅಂತ ಇದರಲ್ಲೇ ಗೊತ್ತಾಗುತ್ತೆ.

ನಾಲೆ ಏರಿ

ಮೇಷ್ಟ್ರೇ, ಆ ಲೆಕ್ಕವನ್ನೇ ಅವರ 55-250ಕ್ಕೆ ಹಾಕಿ ನೋಡಿ. 250 ಭಾಗಿಸು 5.6, ಹತ್ರಹತ್ರ 45. ಅಂದ್ರೆ 85ರ ಪಕ್ಕಕ್ಕೆ ಬಂತು! ನಾನು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ರೈತರ ಫೋಟೊ ತೆಗೆಯೋದು ಇದೇ ಲೆನ್ಸಲ್ಲಿ. ಕಬ್ಬಿನಗದ್ದೆ ಅವ್ರು ಇರೋದು ಪಾಂಡವಪುರದ ಕಡೆ, ಕುಂತಿಬೆಟ್ಟ ಅಲ್ಲೇ ಐತೆ. ತಾತನ್ನ ಬಯಲಲ್ಲಿ ನಿಲ್ಲಿಸಿ, ನೀವು ಹನ್ನೊಂದು ಮೀಟರ್ ಹಿಂದೆ ಹೋಗಿ 250ರಲ್ಲಿ ಸೊಂಟದವರೆಗೆ ತೆಗೀರಿ. ಹಿಂದಿನ ಬೆಟ್ಟ ದೊಡ್ಡದಾಗಿ, ಮೆತ್ತಗೆ ನಿಲ್ಲುತ್ತೆ. 50ರಲ್ಲಿ ಅದೇ ಬೆಟ್ಟ ಭುಜದ ಪಕ್ಕ ಸಣ್ಣ ಗುಡ್ಡೆ ಆಗ್ಬುಡುತ್ತೆ. ಕೈಲಿರೋ ಲೆನ್ಸು, ಒಂದು ರೂಪಾಯಿ ಖರ್ಚಿಲ್ಲ.

ಒಂದೇ ಎಚ್ಚರ: ಈ ಆಟ ನಡೆಯೋದು ಹಿನ್ನೆಲೆ ನಿಜವಾಗ್ಲೂ ದೂರ ಇದ್ರೆ ಮಾತ್ರ. ಬೆನ್ನಿಗೇ ಕಬ್ಬಿನ ಗರಿ ಇದ್ರೆ 250ರಲ್ಲಿ ಒಂದೊಂದು ಗರಿನೂ ಗೀಟು ಗೀಟಾಗಿ ಕಾಣುತ್ತೆ. ಅಲ್ಲಿ 50 ಎಫ್ 1.8ರಲ್ಲಿ ಹತ್ರದಿಂದ ತೆಗೆದ್ರೇ ಚೆನ್ನ. ಅಥವಾ ಆಳನ್ನ ಗದ್ದೆಯಿಂದ ಐದಾರು ಮೀಟರ್ ಮುಂದಕ್ಕೆ ಕರ್ಕೊಂಡು ಬನ್ನಿ. ಶಟರ್ 1/400ಕ್ಕಿಂತ ಇಳಿಸ್ಬೇಡಿ. ಲೆನ್ಸಿನ ಸ್ಟೆಬಿಲೈಸರ್ ನಮ್ಮ ಕೈ ನಡುಕ ತಡೆಯುತ್ತೆ, ತಾತನ ತಲೆ ಅಲ್ಲಾಡೋದನ್ನ ತಡೆಯಲ್ಲ.

ಅರಳಿಕಟ್ಟೆ

ನಾನು ಹೆಚ್ಚಾಗಿ ತೆಗೆಯೋದು ಮಕ್ಕಳದ್ದು ಮತ್ತು ವಯಸ್ಸಾದವರದ್ದು, ಮೈಸೂರಿನ ಮನೆಗಳ ಒಳಗೆ, ಕಿಟಕಿ ಬೆಳಕಲ್ಲಿ. ಎಫ್ 1.8 ಅಂತ ಬರೆದಿದೆ ಅಂದ ಮಾತ್ರಕ್ಕೆ ಯಾವಾಗಲೂ 1.8ರಲ್ಲೇ ತೆಗೆಯಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ. 1500ಡಿಯಲ್ಲಿ 50 ಹಾಕಿ 1.35 ಮೀಟರಿನಿಂದ ತೆಗೆದರೆ 1.8ರಲ್ಲಿ ಸ್ಪಷ್ಟವಾಗಿರೋದು ಒಟ್ಟು ಐದು ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿ ಹೋಯ್ತು, ಅಜ್ಜಿ ತಲೆ ಸ್ವಲ್ಪ ಓರೆ ಮಾಡಿದರೆ ಆಚೆ ಕಣ್ಣೂ ಹೋಯ್ತು. 2.8ಕ್ಕೆ ಏರಿಸಿದರೆ ಸುಮಾರು ಎಂಟು ಸೆಂ.ಮೀ., ಎಫ್ 4ರಲ್ಲಿ ಹನ್ನೊಂದು.

ವಯಸ್ಸಾದವರ ಮುಖದಲ್ಲಿ ಸೊಗಸೆಲ್ಲ ಇರೋದು ಆ ಆಳದಲ್ಲೇ: ಕಣ್ಣಂಚಿನ ಸುಕ್ಕು, ಕೆನ್ನೆಯ ಗೆರೆ, ಕಿವಿಯ ಓಲೆ, ಓಲೆಯ ಭಾರಕ್ಕೆ ಇಳಿಬಿದ್ದ ಕಿವಿ ಹಾಲೆ, ಮೂಗುಬಟ್ಟು. ಮನೆಯವರು ಮುಂದೆ ಆ ಫೋಟೊದಲ್ಲಿ ಹುಡುಕೋದು ಇವನ್ನೇ. ಮೂಗುಬಟ್ಟಿನ ಕಲ್ಲು ಹೊಳೀತಿದೆ, ಓಲೆ ಮಸುಕಾಗಿದೆ ಅಂದ್ರೆ ನನಗಂತೂ ಸಮಾಧಾನ ಆಗಲ್ಲ. ನಾನು 2.8ರಿಂದ 4ರ ಮಧ್ಯೆ ಇರ್ತೀನಿ. ಡ್ರಮ್ಮು ಕಾಣುತ್ತೆ ಅಂದ್ರೆ ಡ್ರಮ್ಮನ್ನು ಪಕ್ಕಕ್ಕೆ ಸರಿಸಿ, ಅಪರ್ಚರ್ ತೆರೆದು ಮುಚ್ಚಿಡೋಕೆ ಹೋಗಬೇಡಿ.

ಫೋಕಸ್ ಬಗ್ಗೆ: 1500ಡಿಯಲ್ಲಿ ಒಂಬತ್ತು ಪಾಯಿಂಟ್, ಅದರಲ್ಲಿ ನಡುವಿನದ್ದು ಮಾತ್ರ ಕ್ರಾಸ್ ಟೈಪ್, ಅಂದ್ರೆ ಅಡ್ಡ-ಉದ್ದ ಎರಡೂ ಗೆರೆ ಹಿಡಿಯೋದು. ನಡುವಿನದರಲ್ಲಿ ಫೋಕಸ್ ಹಿಡಿದು ಕ್ಯಾಮರಾ ತಿರುಗಿಸಿದರೆ ಫೋಕಸ್ ಆ ಐದು ಸೆಂಟಿಮೀಟರಿನಿಂದ ಆಚೆ ಜಾರಿಹೋಗಬಹುದು. ಕೂತು ತೆಗೆಯೋ ಫೋಟೊಗೆ ಅವಸರ ಇಲ್ಲವಲ್ಲ, ಲೈವ್ ವ್ಯೂ (ಹಿಂದಿನ ಪರದೆಯಲ್ಲಿ ನೋಡಿ ತೆಗೆಯೋದು) ಹಾಕಿ, ಹತ್ತಿರದ ಕಣ್ಣಿನ ಮೇಲೆ ಚೌಕ ಇಡಿ. ನಿಧಾನ, ಆದರೆ ಸೆನ್ಸರ್ ಮೇಲೇ ನೋಡಿ ಫೋಕಸ್ ಮಾಡೋದರಿಂದ ನಿಖರ. ಈ ಕ್ಯಾಮರಾದಲ್ಲಿ ಲೆನ್ಸಿನ ಫೋಕಸ್ ತಿದ್ದೋ ಮೈಕ್ರೋ ಅಡ್ಜಸ್ಟ್‌ಮೆಂಟ್ ಇಲ್ಲ, ಹಾಗಾಗಿ ಇದೇ ಭದ್ರ ದಾರಿ.

ಕಬ್ಬಿನಗದ್ದೆ

ಎಲ್ಲರಿಗೂ ಬಹಳ ಥ್ಯಾಂಕ್ಸ್. ಭಾನುವಾರ ಊರಿಗೆ ಹೋಗಿ ಅಳತೆ ಮಾಡ್ದೆ. ನಮ್ಮ ಜಗಲಿ ಗೋಡೆಯಿಂದ ಎದುರು ಮನೆ ಮೆಟ್ಟಿಲವರೆಗೆ ನಾಲ್ಕೂವರೆ ಮೀಟರ್. ಅದರಲ್ಲಿ ಜಗಲಿನೇ ಒಂದೂಕಾಲು. ಬೇರೆ ಮನೆಗಳೂ ಹೆಚ್ಚುಕಡಿಮೆ ಹಿಂಗೇ. 18-55ನ್ನ 50ಕ್ಕೆ ಇಟ್ಟು, ಆಮೇಲೆ 55-250ನ್ನ 85ರ ಹತ್ರ ಇಟ್ಟು ಎರಡರಲ್ಲೂ ಫ್ರೇಮ್ ನೋಡ್ದೆ. 85ರಲ್ಲಿ ಮುಖಕ್ಕೆ ತೊಂದ್ರೆ ಇಲ್ಲ, ಸೊಂಟದವರೆಗೆ ಬೇಕು ಅಂದ್ರೆ ಬೆನ್ನು ಎದುರು ಗೋಡೆಗೆ ಅಂಟ್ಕೊಳುತ್ತೆ. ಮಧ್ಯೆ ಹಸು, ಬೈಕು ಓಡಾಡ್ತಾ ಇರ್ತವೆ.

ಇನ್ನೊಂದು ಗೊತ್ತಾಯ್ತು. ಮಡಿಲಲ್ಲಿ ಇಟ್ಕೊಂಡ ಕೈಯೂ ಬರಬೇಕು ಅಂತ ಅಜ್ಜಿಗೆ ಆಸೆ. ಬಳೆ ಕಾಣ್ಬೇಕಂತೆ.

ಹಳೇ ಸ್ಟುಡಿಯೋ

ಹಂಗಾದ್ರೆ ಮುಗೀತು, 50. ಕೈ ಬೇಕು ಅಂತ ಕೇಳಿದ್ದಾರಲ್ಲ, ಅದನ್ನ ಬಿಡಬೇಡ. ನಮ್ಮ ಸ್ಟುಡಿಯೋಗಳಲ್ಲಿ ಹಿಂದೆ ಕುರ್ಚಿ ತೋಳಿನ ಮೇಲೆ, ಮೇಜಿನ ಮೇಲೆ ಕೈ ಇಡಿಸ್ತಿದ್ದದ್ದು ಸುಮ್ಮನೆ ಅಲ್ಲ. ಮುಂದಕ್ಕೆ ಚಾಚಿದ ಕೈ ಹತ್ತಿರದಿಂದ ತೆಗೆದ್ರೆ ಮುಖಕ್ಕಿಂತ ದೊಡ್ಡದಾಗುತ್ತೆ, ಅದಕ್ಕೆ ಎರಡೂಕಾಲು ಮೀಟರ್ ಇರಲಿ, ಕೈ ಮಡಿಲಿಗೆ ಒತ್ತಿ ಇರಲಿ, ಎಫ್ 4 ಅಥವಾ 5.6 ಇರಲಿ. ಕ್ಯಾಮರಾ ಎದೆ ಮಟ್ಟದಲ್ಲಿ. ನಿಂತು ಮೇಲಿಂದ ತೆಗೆದ್ರೆ ತಲೆ ದೊಡ್ಡದು, ಮೈ ಕುಗ್ಗಿದ್ದು ಆಗುತ್ತೆ. ಮೊದಲೇ ಬಾಗಿದ ಜೀವ ಇನ್ನೂ ಕುಗ್ಗಿದ ಹಾಗೆ ಕಾಣಬಾರದು.

ವನರಂಗ ಪ್ರೇಕ್ಷಕ

85ರ ಪರ ಒಂದು ಮಾತು, ಮುಂದೆ ಓದುವವರಿಗೆ ಬೇಕಾಗಬಹುದು. ನಾನು ರಂಗಾಯಣದಲ್ಲಿ ನಾಟಕದ ಫೋಟೊ ತೆಗೀತೀನಿ. ಅಲ್ಲಿನ ರಂಗಮಂದಿರಗಳಾದ ಭೂಮಿಗೀತದಲ್ಲಾಗಲಿ ವನರಂಗದಲ್ಲಾಗಲಿ ನಾವು ಮುಂದಕ್ಕೆ ಹೋಗುವ ಹಾಗಿಲ್ಲ, ಬೆಳಕು ಕಮ್ಮಿ, ನಟರು ನಿಲ್ಲಲ್ಲ. ಅಲ್ಲಿ ಕ್ರಾಪ್ ಕ್ಯಾಮರಾದಲ್ಲಿ 85 ಎಫ್ 1.8 ಚಿನ್ನ. ದೂರ ನಮ್ಮ ಕೈಲಿಲ್ಲದ ಕಡೆ ಅದು ಸರಿಯಾದ ಲೆನ್ಸು.

ಆದರೆ ಅದರ ಒಂದು ಗುಣ ಗೊತ್ತಿರಲಿ. ತೆರೆದ ಅಪರ್ಚರಿನಲ್ಲಿ, ಜೋರು ಬಿಸಿಲು ಬಿದ್ದ ಬಿಳಿ ಬಟ್ಟೆ ಅಂಚಿನಲ್ಲಿ ನೇರಳೆ ಬಣ್ಣ ಹತ್ತುತ್ತೆ. ಬಿಳಿ ಪಂಚೆ, ಬಿಳಿ ಕೂದಲು, ಹಿಂದೆ ಕಪ್ಪು ಬಾಗಿಲು ಇದ್ದರೆ ಎದ್ದು ಕಾಣುತ್ತೆ. 2.8ಕ್ಕೆ ಏರಿಸಿದರೆ ಬಹುಮಟ್ಟಿಗೆ ಹೋಗುತ್ತೆ. ಹತ್ತಿರದ ಫೋಕಸ್ ಮಿತಿಯೂ 85 ಸೆಂ.ಮೀ., 50 ಎಸ್‌ಟಿಎಂನದ್ದು 35 ಸೆಂ.ಮೀ. ಬಳೆ ಹಾಕಿದ ಕೈ ಒಂದನ್ನೇ ತುಂಬಿಸಿ ತೆಗೆಯೋಕೆ 50 ಅನುಕೂಲ.

ದಸರಾ ಫ್ರೇಮ್ಸ್

ಸೆಕೆಂಡ್ ಹ್ಯಾಂಡ್ ನೋಡೋರು ಯಾವ ಲೆನ್ಸೇ ಆಗಲಿ ಮೊಬೈಲ್ ಟಾರ್ಚ್ ಹಿಡಿದು ಹಿಂದಿನಿಂದ ಮುಂದಕ್ಕೆ ನೋಡಿ. ಜೇಡರ ಬಲೆ ತರ ಎಳೆ ಕಂಡ್ರೆ ಫಂಗಸ್, ಎಷ್ಟು ಅಗ್ಗ ಕೊಟ್ರೂ ಬೇಡ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇರಬಾರದು. ಅಂಗಡಿಯಲ್ಲೇ 1.8ರಲ್ಲಿ ಐದಾರು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. 50ರಲ್ಲಿ ಹಳೇ 1.8 ಟೂ ಅಂತ ಒಂದು ಸಿಗುತ್ತೆ, 1990ರದ್ದು: ಪ್ಲಾಸ್ಟಿಕ್ ಮೌಂಟು, ಐದೇ ಎಲೆ, ಫೋಕಸ್ ಗುರ್ ಅನ್ನುತ್ತೆ. 2015ರಲ್ಲಿ ಬಂದ ಎಸ್‌ಟಿಎಂನಲ್ಲಿ ಲೋಹದ ಮೌಂಟು, ಏಳು ಎಲೆ. ಎಸ್‌ಟಿಎಂನೇ ತಗೊಳ್ಳಿ. ಮುಂದೆ ಕ್ಯಾನನ್ನಿನ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮರಾಗೆ ಹೋದರೂ ಅಡಾಪ್ಟರ್ ಹಾಕಿ ಇದನ್ನು ಬಳಸಬಹುದು. ಆ ಕ್ಯಾಮರಾಗಳ ಆರ್‌ಎಫ್ ಲೆನ್ಸ್ ಮಾತ್ರ 1500ಡಿಗೆ ಕೂರಲ್ಲ, ಆನ್‌ಲೈನಲ್ಲಿ ಕೊಳ್ಳುವಾಗ ಇಎಫ್ ಅಂತ ಇದೆಯಾ ನೋಡಿ.

ಸಕ್ಕರೆನಾಡು

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ನಿಕಾನ್ ಡಿ3500. ಯಾರೋ ಹಳೇ 50 ಎಫ್ 1.8ಡಿ ಕಮ್ಮಿಗೆ ಕೊಡ್ತೀನಿ ಅಂತಾರೆ. ತಗೊಬಹುದಾ?

ಹಳೇ ಸ್ಟುಡಿಯೋ

ಬೇಡ. ಡಿ3500ರ ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ, ಆ ‘ಡಿ’ ಲೆನ್ಸಿನಲ್ಲೂ ಇಲ್ಲ. ಕೈಯಲ್ಲೇ ತಿರುಗಿಸಬೇಕು. ಎಎಫ್-ಎಸ್ 50 ಎಫ್ 1.8ಜಿ ಹುಡುಕಿ. ನಿಕಾನಿನ ಕ್ರಾಪ್ 1.5, ಆದ್ದರಿಂದ ಅದು 75ರ ನೋಟ ಕೊಡುತ್ತೆ.

ಕುಕ್ಕರಹಳ್ಳಿ ಏರಿ

ಎಲ್ಲರೂ ಹಿನ್ನೆಲೆ ಕರಗಿಸೋದರ ಬಗ್ಗೆಯೇ ಮಾತಾಡ್ತಿದ್ದೀರಿ, ನನ್ನ ಮನಸ್ಸು ಬೇರೆ ಕಡೆ ಇದೆ. ನಮ್ಮ ಮೈಸೂರಿನವರೇ ಆದ ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ತೆಗೆದ ಕಪ್ಪು-ಬಿಳುಪು ಚಿತ್ರಗಳನ್ನು ಒಮ್ಮೆ ನೋಡಿ. ಸಾಮಾನ್ಯ ಜನ, ಮಕ್ಕಳು, ಅವರವರ ಕೆಲಸ, ಅವರವರ ಬೀದಿ. ಮಕ್ಕಳ ಚಿತ್ರಗಳ ಪ್ರದರ್ಶನ 1979ರಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲೇ ನಡೆಯಿತು. ಆ ಮನುಷ್ಯ ಎಲ್ಲಿಯವನು, ಹೇಗೆ ಬದುಕಿದ ಅನ್ನೋದು ಚಿತ್ರದಲ್ಲೇ ಕಾಣುತ್ತೆ.

ಜಗಲಿಯ ಕಂಬ, ಒರಳುಕಲ್ಲು, ಹೊಸ್ತಿಲ ಮೇಲಿನ ಅರಿಶಿನ-ಕುಂಕುಮ, ಗೋಡೆಯ ಮೇಲಿನ ಹಳೇ ಕ್ಯಾಲೆಂಡರ್ ಇವೆಲ್ಲ ಆ ಅಜ್ಜಿಯ ಮುಖದಷ್ಟೇ ಅವರ ಗುರುತು. ಹೆಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿದ ಮೇಲೆ ಅವೂ ಇರಲ್ಲ. ಪ್ರತಿಯೊಬ್ಬರದ್ದೂ ಎರಡು ಫೋಟೊ ತೆಗೆಯಿರಿ ಅಂತ ನನ್ನ ಒತ್ತಾಯ: ಒಂದು ಮುಖದ್ದು, ಒಂದು ಮನೆ ಸಮೇತ. ಎರಡನೆಯದಕ್ಕೆ ಹೊಸ ಲೆನ್ಸ್ ಬೇಡ, 18-55ನ್ನು 24ರ ಆಸುಪಾಸು ಇಟ್ಟು, ಎಫ್ 5.6ರಲ್ಲಿ, ಎರಡೂವರೆ ಮೀಟರ್ ದೂರದಿಂದ. ಜನರನ್ನು ಫ್ರೇಮಿನ ಅಂಚಿಗೆ ಕೂರಿಸಬೇಡಿ, ಅಗಲದ ನೋಟದಲ್ಲಿ ಅಂಚಿನ ಮುಖ ಎಳೆದ ಹಾಗಾಗುತ್ತೆ.

ಅರಳಿಕಟ್ಟೆ

ಕುಕ್ಕರಹಳ್ಳಿಯವರ ಮಾತು ಚೆನ್ನಾಗಿದೆ, ಎರಡೂ ತೆಗೆಯಿರಿ. ಆದರೆ ಗೋಡೆಗೆ ಹಾಕೋಕೆ ಮನೆಯವರು ಆರಿಸಿಕೊಳ್ಳೋದು ಮುಖದ್ದನ್ನೇ ಅಂತ ನನ್ನ ಅನುಭವ. ಮೊದಲು ಅದನ್ನು ತೆಗೆದುಬಿಡಿ, ಹೊತ್ತಾದರೆ ವಯಸ್ಸಾದವರು ದಣೀತಾರೆ.

ಕುಕ್ಕರಹಳ್ಳಿ ಏರಿ

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಮೊದಲು ಅಗಲದ್ದು ತೆಗೆದರೆ ಕ್ಯಾಮರಾ ದೂರ ಇರುತ್ತೆ, ಅವರಿಗೆ ಸಂಕೋಚ ಕಮ್ಮಿ. ಮಾತಾಡ್ತಾ ಮಾತಾಡ್ತಾ ಹತ್ತಿರ ಬಂದರೆ ಮುಖ ಸಡಿಲವಾಗಿರುತ್ತೆ.

ಬೆಳಕಿನ ಮೇಷ್ಟ್ರು

ಹೊತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ನಡುಮಧ್ಯಾಹ್ನದ ನೇರ ಬಿಸಿಲಲ್ಲಿ ಐಎಸ್ಒ 100, ಎಫ್ 16 ಇದ್ದರೆ ಶಟರ್ ಸುಮಾರು 1/100. ಅದೇ ಬೆಳಕಿಗೆ ಎಫ್ 1.8 ಅಂದರೆ 1/8000 ಬೇಕು. 1500ಡಿಯ ಮಿತಿ 1/4000. ಅಂದರೆ ಬಯಲಲ್ಲಿ ಮಧ್ಯಾಹ್ನ 1.8ರಲ್ಲಿ ತೆಗೆದರೆ ಬಿಳಿ ಸೀರೆ ಸುಟ್ಟುಹೋಗುತ್ತೆ, ಲೆನ್ಸಿನ ತಪ್ಪಲ್ಲ. ಆ ಹೊತ್ತಲ್ಲಿ ಕಣ್ಣಿನ ಗುಳಿಯಲ್ಲೂ ನೆರಳು ಬೀಳುತ್ತೆ. ಜಗಲಿ ನೆರಳೇ ಒಳ್ಳೆಯದು. ಎದುರು ಬೀದಿಗೆ ಬಿಸಿಲು ಬಿದ್ದಾಗ ನೆಲದಿಂದ, ಎದುರು ಸುಣ್ಣದ ಗೋಡೆಯಿಂದ ಬೆಳಕು ಚಿಮ್ಮಿ ಮುಖಕ್ಕೆ ಬರುತ್ತೆ. ಎದುರು ಗೋಡೆಗೆ ಹಸಿರೋ ಗುಲಾಬಿಯೋ ಬಣ್ಣ ಬಳಿದಿದ್ದರೆ ಮುಖಕ್ಕೂ ಆ ಛಾಯೆ ಬರುತ್ತೆ. ಮಧ್ಯೆ ಒಂದು ಬಿಳಿ ಪಂಚೆ ಕಟ್ಟಿದರೆ ಸರಿಹೋಗುತ್ತೆ. ರಾ (RAW) ಫೈಲಿನಲ್ಲಿ ತೆಗೆಯಿರಿ, ಬಣ್ಣ ಆಮೇಲೆ ತಿದ್ದೋಕೆ ಸುಲಭ.

ಕಬ್ಬಿನಗದ್ದೆ

ತೀರ್ಮಾನ ಆಯ್ತು. ಹೊಸ 50 ಎಸ್‌ಟಿಎಂ ತಗೋತೀನಿ. 85ಕ್ಕೆ ಇಟ್ಟಿದ್ದ ದುಡ್ಡಲ್ಲಿ ಮಿಕ್ಕಿದ್ದು ಪ್ರಿಂಟಿಗೆ, ಫ್ರೇಮಿಗೆ. ಜಗಲಿ ಮೇಲೆ 50, ಎಫ್ 4. ಮನೆ ಸಮೇತ ತೆಗೆಯೋಕೆ 18-55. ನಡೆದು ಬರೋಕೆ ಶಕ್ತಿ ಇರೋ ತಾತಂದಿರನ್ನ ಸಂಜೆ ಬಯಲಿಗೆ ಕರ್ಕೊಂಡು ಹೋಗಿ ಕುಂತಿಬೆಟ್ಟ ಹಿಂದಿಟ್ಟು 55-250ರಲ್ಲೂ ತೆಗೀತೀನಿ. ಮೊದಲು ಮುಖನೋ ಮನೆನೋ ಅನ್ನೋದನ್ನ ಅಜ್ಜಿ ಹತ್ರನೇ ಕೇಳ್ತೀನಿ.

ಒಂದೇ ಪ್ರಶ್ನೆ ಉಳೀತು: ಲೆನ್ಸಿಗೆ ಯುವಿ ಫಿಲ್ಟರ್ ಹಾಕ್ಲೇಬೇಕು ಅಂತ ಅಂಗಡಿಯೋರು ಹೇಳ್ತಾವ್ರೆ. ಬೇಕಾ? ಪ್ರಿಂಟ್ ಯಾವ ಅಳತೆಗೆ ಹಾಕ್ಸೋದು?

ಹಳೇ ಸ್ಟುಡಿಯೋ

ಫಿಲ್ಟರ್ ಬದಲು ಹುಡ್ (ಲೆನ್ಸಿನ ಮುಂದೆ ಹಾಕೋ ಮರೆ) ತಗೊ, ಇಎಸ್-68 ಅಂತ ಕೇಳು. ಎದುರು ಬೆಳಕು ಅಡ್ಡ ಬೀಳೋದನ್ನೂ ತಡೆಯುತ್ತೆ, ತಾಕಿದ್ರೆ ಗಾಜನ್ನೂ ಕಾಯುತ್ತೆ. ಫಿಲ್ಟರ್ ಬೇಕೇಬೇಕು ಅನ್ಸಿದ್ರೆ ಅಳತೆ 49 ಎಂಎಂ, ಅಗ್ಗದ್ದು ಮಾತ್ರ ಬೇಡ, ಫೋಟೊ ಬಿಳಿಚಿಕೊಳ್ಳುತ್ತೆ. ಪ್ರಿಂಟು 12-18 ಇಂಚಿನದು ಹಾಕ್ಸು, 1500ಡಿಯ 24 ಮೆಗಾಪಿಕ್ಸೆಲಿಗೆ ಧಾರಾಳ ಸಾಕು. ಮ್ಯಾಟ್ ಕಾಗದ ಕೇಳು. ಜಗಲಿ ಗೋಡೆಗೆ ಹಾಕಿದ್ರೆ ಬೀದಿ ಬೆಳಕಿಗೆ ಗ್ಲಾಸಿ ಕಾಗದ ಹೊಳೆದು ಮುಖನೇ ಕಾಣಲ್ಲ.